ಮಾಜಿ ಸೈನಿಕರಿಗೆ ಪಿಟಿಎಸ್‌ಡಿ ಚಿಕಿತ್ಸೆ: ಮಂಗಳೂರು–ಉಡುಪಿಯ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ನಮ್ಮ ಕರಾವಳಿಯಲ್ಲಿ ಮನೋವೈದ್ಯರಿಗೆ ಬರ ಇಲ್ಲ. ದೇರಳಕಟ್ಟೆಯಿಂದ ಮಣಿಪಾಲದವರೆಗೆ ಹೆದ್ದಾರಿ ಹಿಡಿದು ಹೋದರೆ ಅರ್ಧ ಡಜನ್‌ಗಿಂತ ಹೆಚ್ಚು ಮೆಡಿಕಲ್ ಕಾಲೇಜುಗಳು ಸಿಗುತ್ತವೆ. ಹಾಗಿದ್ದೂ ಸೇನೆಯಿಂದ ಬಂದವರು ಹತ್ತಾರು ವರ್ಷ ನಿದ್ದೆಗೆಟ್ಟು ಕೂರುತ್ತಾರೆ. ಮನೆಯಿಂದ ಆಸ್ಪತ್ರೆಯ ಸರಿಯಾದ ಕೊಠಡಿಯವರೆಗಿನ ದಾರಿ ನಾಲ್ಕೈದು ಕಡೆ ತುಂಡಾಗಿದೆ. ಎಲ್ಲೆಲ್ಲಿ ತುಂಡಾಗಿದೆ, ಅಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಇದು ಕಾಯಿಲೆಯೇ? ಮಿಲಿಟ್ರಿಯವರ ಸಿಟ್ಟು ಇರುವುದೇ ಹೀಗೆ ಅಂತ ನಾವು ಸುಮ್ಮನಿದ್ದೆವು.

ಸಿಟ್ಟು ಒಂದೇ ಇದ್ದರೆ ಕಾಯಿಲೆ ಅಲ್ಲ. ಆಘಾತದ ನಂತರದ ಒತ್ತಡದ ಕಾಯಿಲೆಗೆ, ಅಂದರೆ ಪಿಟಿಎಸ್‌ಡಿಗೆ, ಮೂರು ಮುಖ್ಯ ಲಕ್ಷಣಗಳಿವೆ. ಒಂದು, ನಡೆದದ್ದು ಈಗಲೇ ನಡೆಯುತ್ತಿದೆ ಎಂಬಂತೆ ಕನಸಿನಲ್ಲೋ ಎಚ್ಚರದಲ್ಲೋ ಮರುಕಳಿಸುವುದು. ಎರಡು, ಅದನ್ನು ನೆನಪಿಸುವ ಜನ, ಜಾಗ, ಮಾತುಗಳಿಂದ ದೂರ ಸರಿಯುವುದು. ಮೂರು, ಅಪಾಯ ಇಲ್ಲದ ಕಡೆಯೂ ಮೈಯೆಲ್ಲ ಕಾವಲು ಕಾಯುತ್ತಿರುವುದು. ಇಂಥದ್ದು ಒಂದು ತಿಂಗಳು ದಾಟಿ ಸಂಸಾರಕ್ಕೋ ಕೆಲಸಕ್ಕೋ ತೊಂದರೆ ಕೊಡುತ್ತಿದ್ದರೆ ತಪಾಸಣೆ ಬೇಕು.

ಮನೆಯವರ ಕಣ್ಣಿಗೆ ಇದು ಬೇರೆ ರೂಪದಲ್ಲಿ ಬೀಳುತ್ತದೆ. ಮದುವೆ ಹಾಲಿನಲ್ಲಿ ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವಂತೆ ಕೂರುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದು ಚಿಲಕ ನೋಡುತ್ತಾರೆ. ಹಳೆಯ ಯುನಿಟ್‌ನವರ ಫೋನ್ ಎತ್ತುವುದಿಲ್ಲ. ಮಲಗಿದ್ದಾಗ ಭುಜ ಮುಟ್ಟಿ ಎಬ್ಬಿಸಿದರೆ ಕೈ ಎತ್ತುತ್ತಾರೆ. ಮಕ್ಕಳ ಮೇಲೆ ಪ್ರೀತಿ ಇದೆ ಅಂತ ಗೊತ್ತು, ಆದರೆ ಅದು ಒಳಗೆ ಅನ್ನಿಸುತ್ತಿಲ್ಲ ಎಂದು ಯಾವತ್ತೋ ಒಮ್ಮೆ ಹೇಳುತ್ತಾರೆ. ಈ ಕೊನೆಯದನ್ನು ಜನ ಕಲ್ಲುಮನಸ್ಸು ಅಂದುಕೊಳ್ಳುತ್ತಾರೆ. ಅದು ಕಾಯಿಲೆಯದೇ ಲಕ್ಷಣ.

ಕಾರ್ಗಿಲ್ ಮುಗಿದು ಎಷ್ಟು ಕಾಲವಾಯಿತು! ಅಪ್ಪನಿಗೆ ಈಗ ಯಾಕೆ ಶುರುವಾಯಿತು?

ಘಟನೆ ನಡೆದು ಆರು ತಿಂಗಳ ನಂತರ, ಕೆಲವೊಮ್ಮೆ ದಶಕಗಳ ನಂತರವೂ ಲಕ್ಷಣಗಳು ಪೂರ್ಣವಾಗಿ ಹೊರಬರುವುದುಂಟು. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದವರು, 1999ರ ಕಾರ್ಗಿಲ್‌ನಲ್ಲಿದ್ದವರು, ಕಾಶ್ಮೀರದಲ್ಲಿ, ಈಶಾನ್ಯದಲ್ಲಿ ವರ್ಷಗಟ್ಟಲೆ ಗಸ್ತು ತಿರುಗಿದವರು ಈಗ ಎರಡನೇ ಕೆಲಸದಿಂದಲೂ ನಿವೃತ್ತರಾಗುತ್ತಿದ್ದಾರೆ. ಬ್ಯಾಂಕಿನ ಗಾರ್ಡ್ ಕೆಲಸ, ಬಸ್ಸಿನ ಕೆಲಸ, ತೋಟದ ಕೆಲಸ ಅವರ ದಿನವನ್ನು ಹಿಡಿದಿಟ್ಟಿತ್ತು. ಅದು ಹೋದಾಗ, ಜೊತೆಗಿದ್ದ ಗೆಳೆಯ ತೀರಿಕೊಂಡಾಗ, ಹೃದಯದ ತೊಂದರೆಯಿಂದ ಐಸಿಯುನಲ್ಲಿ ಮಲಗಿ ಬಂದಾಗ ಹಳೆಯದು ಎದ್ದು ಬರುತ್ತದೆ.

60 ದಾಟಿದವರಲ್ಲಿ ಹೊಸದಾಗಿ ಕಂಡರೆ ಥೈರಾಯ್ಡ್, ಮಲಗಿದಾಗ ಉಸಿರು ನಿಂತುಹೋಗುವ ಸ್ಲೀಪ್ ಆಪ್ನಿಯ, ಮರೆವಿನ ಕಾಯಿಲೆ ಇವುಗಳನ್ನೂ ನೋಡಿಸಬೇಕು. ಗೊರಕೆ ಜೋರಾಗಿದ್ದು ಬೆಚ್ಚಿ ಏಳುವವರಲ್ಲಿ ಸ್ಲೀಪ್ ಆಪ್ನಿಯ, ಪಿಟಿಎಸ್‌ಡಿ ಎರಡೂ ಒಟ್ಟಿಗೆ ಇರಬಹುದು.

ಡಾಕ್ಟರ ಹೆಸರು ಎತ್ತಿದರೆ ಎದ್ದು ಹೋಗುತ್ತಾರೆ. ಹೇಗೆ ಕರೆದುಕೊಂಡು ಹೋಗುವುದು?

ಮೊದಲು ಆ ಹಟ ಎಲ್ಲಿಂದ ಬಂತು ಅಂತ ತಿಳಿಯಿರಿ. ಸೇನೆಯಲ್ಲಿ ಆರೋಗ್ಯವನ್ನು ‘ಶೇಪ್’ ಎಂಬ ಐದು ಅಕ್ಷರಗಳಲ್ಲಿ ಅಳೆಯುತ್ತಾರೆ. ಮೊದಲನೆಯ ‘ಎಸ್’ ಮನಸ್ಸಿನದ್ದು. ಅದು ಒಂದನೇ ದರ್ಜೆಯಿಂದ ಕೆಳಗೆ ಇಳಿದರೆ ‘ಲೋ ಮೆಡಿಕಲ್ ಕೆಟಗರಿ’, ಅಂದರೆ ಆರೋಗ್ಯದಲ್ಲಿ ಕೆಳ ದರ್ಜೆ. ಪ್ರಮೋಷನ್, ಕೋರ್ಸ್, ಪೋಸ್ಟಿಂಗ್ ಎಲ್ಲಕ್ಕೂ ಅದು ತಟ್ಟುತ್ತದೆ. ಹದಿನೇಳು, ಇಪ್ಪತ್ತು ವರ್ಷ ‘ಎಲ್ಲ ಸರಿ ಇದೆ ಸಾಬ್’ ಎಂದು ಹೇಳಿಯೇ ಅನ್ನ ಉಳಿಸಿಕೊಂಡವರಿಗೆ ಮನೆಗೆ ಬಂದ ಮೇಲೆ ಆ ಮಾತು ಬದಲಿಸುವುದು ಸುಲಭವಲ್ಲ.

‘ನಿಮ್ಮ ಮಂಡೆ ಸಮ ಇಲ್ಲ’ ಎಂದು ಶುರು ಮಾಡಿದರೆ ಬಾಗಿಲು ಅಲ್ಲಿಗೇ ಮುಚ್ಚಿತು. ನಿದ್ದೆಯಿಂದ ಶುರು ಮಾಡಿ. ನಿದ್ದೆ ಇಲ್ಲ ಎಂದು ಒಪ್ಪಿಕೊಳ್ಳಲು ಯಾವ ಸೈನಿಕನಿಗೂ ನಾಚಿಕೆ ಇಲ್ಲ. ಜಗಳದ ಮರುದಿನ ಬೇಡ, ನೆಂಟರ ಎದುರು ಬೇಡ. ಇಬ್ಬರೇ ಇರುವಾಗ, ಬೈಕಿನಲ್ಲೋ ಕಾರಿನಲ್ಲೋ ಹೋಗುವಾಗ, ಮುಖ ನೋಡದೆ ಮಾತಾಡುವ ಹೊತ್ತು ಒಳ್ಳೆಯದು. ಎರಡು ವಾರ ಒಂದು ಹಾಳೆಯಲ್ಲಿ ಬರೆಯಿರಿ: ಎಷ್ಟು ಗಂಟೆಗೆ ಮಲಗಿದರು, ಎಷ್ಟು ಸಲ ಎದ್ದರು, ಕನಸು, ಕುಡಿದ ಪ್ರಮಾಣ. ಈ ಹಾಳೆ ವೈದ್ಯರ ಹತ್ತು ನಿಮಿಷ ಉಳಿಸುತ್ತದೆ. ಅವರದೇ ರೆಜಿಮೆಂಟಿನ, ಚಿಕಿತ್ಸೆ ಪಡೆದ ಇನ್ನೊಬ್ಬರು ಜೊತೆಗೆ ಬಂದರೆ ನೀವು ಹತ್ತು ಸಲ ಹೇಳಿದ್ದು ಅವರ ಒಂದು ಮಾತಿನಲ್ಲಿ ಆಗುತ್ತದೆ.

ಇಸಿಎಚ್ಎಸ್ ಕಾರ್ಡ್ ಇದೆ. ದಾರಿ ಯಾವುದು, ಎಲ್ಲಿ ತಪ್ಪುತ್ತದೆ?

2003ರ ಏಪ್ರಿಲ್‌ನಲ್ಲಿ ಶುರುವಾದ, ಮಾಜಿ ಸೈನಿಕರ ಈ ಆರೋಗ್ಯ ಯೋಜನೆಯಲ್ಲಿ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗುವುದು ಸಾಮಾನ್ಯವಾಗಿ ತುರ್ತಿನಲ್ಲಿ ಮಾತ್ರ. ಉಳಿದಂತೆ ಮೊದಲು ಯೋಜನೆಯದೇ ಪಾಲಿಕ್ಲಿನಿಕ್, ಅಲ್ಲಿಂದ ರೆಫರಲ್ (ದೊಡ್ಡ ಆಸ್ಪತ್ರೆಗೆ ಕಳಿಸುವ ಚೀಟಿ), ಆಮೇಲೆ ಯೋಜನೆಗೆ ಸೇರಿದ ಆಸ್ಪತ್ರೆ. ಕುಂದಾಪುರ, ಸುಳ್ಯದ ಕಡೆಯಿಂದ ಮಂಗಳೂರಿನ ಪಾಲಿಕ್ಲಿನಿಕ್‌ಗೆ ಬರುವವರಿಗೆ ಒಂದು ಸಹಿಗೆ ಒಂದು ದಿನ ಹೋಗುತ್ತದೆ. ಹಾಗಾಗಿ ಒಂದೇ ಸಲಕ್ಕೆ ಕೆಲಸ ಆಗುವಂತೆ ಸಿದ್ಧರಾಗಿ ಹೋಗಿ.

ಎಡವುವ ಮೊದಲ ಜಾಗ ವೈದ್ಯಾಧಿಕಾರಿಯ ಮೇಜು. ‘ನಿದ್ದೆ ಬರುವುದಿಲ್ಲ’ ಎಂದಷ್ಟೇ ಹೇಳಿದರೆ ನಿದ್ದೆ ಮಾತ್ರೆ ಸಿಗುತ್ತದೆ, ರೆಫರಲ್ ಸಿಗುವುದಿಲ್ಲ. ಸಾಲು ಉದ್ದ ಇರುತ್ತದೆ, ಸಮಯ ಕಡಿಮೆ. ಮೂರು ವಾಕ್ಯ ಮೊದಲೇ ಬರೆದಿಟ್ಟುಕೊಳ್ಳಿ: ಯಾವ ಸೇವೆಯಲ್ಲಿ ಎಲ್ಲಿ ಏನು ಆಯಿತು, ಯಾವ ಲಕ್ಷಣ ಎಷ್ಟು ಕಾಲದಿಂದ, ಪಿಟಿಎಸ್‌ಡಿ ತಪಾಸಣೆಗೆ ಮನೋವೈದ್ಯಕೀಯ ವಿಭಾಗಕ್ಕೆ ರೆಫರಲ್ ಬೇಕು. ಕೇಳುವುದು ಹಕ್ಕು, ಅದರಲ್ಲಿ ಸಂಕೋಚ ಬೇಡ.

ಎರಡನೆಯದು ರೆಫರಲ್ ಚೀಟಿ. ಕೌಂಟರ್ ಬಿಡುವ ಮೊದಲು ಓದಿ. ವಿಭಾಗದ ಹೆಸರು ಮನೋವೈದ್ಯಕೀಯ ಎಂದೇ ಇದೆಯೇ, ಸಲಹೆ ಮಾತ್ರವೋ ಪರೀಕ್ಷೆ ಮತ್ತು ಚಿಕಿತ್ಸೆಯೂ ಸೇರಿದೆಯೋ, ಯಾವ ದಿನಾಂಕದವರೆಗೆ ಊರ್ಜಿತ ಎಂದು ನೋಡಿ. ಬರೀ ಸಲಹೆಗೆ ಎಂದಿದ್ದರೆ ಆಸ್ಪತ್ರೆಯ ವೈದ್ಯರು ಥೆರಪಿ ಬರೆದಾಗ ಮತ್ತೆ ಪಾಲಿಕ್ಲಿನಿಕ್‌ಗೆ ಓಡಬೇಕು.

ಮೂರನೆಯದು ಆಸ್ಪತ್ರೆಯ ಆಯ್ಕೆ. ಒಂದು ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿ ಇದೆ ಎಂದ ಮಾತ್ರಕ್ಕೆ ಅದರ ಎಲ್ಲ ವಿಭಾಗಗಳೂ ಪಟ್ಟಿಯಲ್ಲಿ ಇರುವುದಿಲ್ಲ. ಹೃದಯಕ್ಕೆ, ಮೂಳೆಗೆ ಇದ್ದು ಮನೋವೈದ್ಯಕೀಯಕ್ಕೆ ಇಲ್ಲದಿರಬಹುದು. ಹೊರಡುವ ಮುಂಚೆ ಆಸ್ಪತ್ರೆಯ ಇಸಿಎಚ್ಎಸ್ ಡೆಸ್ಕಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಮನೋವೈದ್ಯಕೀಯ ಇದೆಯೇ? ಕ್ಲಿನಿಕಲ್ ಸೈಕಾಲಜಿಸ್ಟರ ಥೆರಪಿಯ ಬಿಲ್ ಕ್ಯಾಶ್‌ಲೆಸ್ ಆಗುತ್ತದೆಯೇ? ಎರಡನೆಯದಕ್ಕೆ ಕೆಲವು ಕಡೆ ‘ಹಣ ಕಟ್ಟಿ’ ಎನ್ನುತ್ತಾರೆ. ಆಗ ಮನೋವೈದ್ಯರಿಂದ ಇಷ್ಟು ಸೆಷನ್ ಅಗತ್ಯ ಎಂದು ಬರೆಸಿಕೊಂಡು, ಹಣ ಕಟ್ಟುವ ಮೊದಲೇ ಪಾಲಿಕ್ಲಿನಿಕ್‌ನ ಅಧಿಕಾರಿಯ ಬಳಿ ಲಿಖಿತವಾಗಿ ಕೇಳಿ. ಕಟ್ಟಿದ ಮೇಲೆ ಕೇಳಿದರೆ ವಾಪಸು ಬರುವುದು ಕಷ್ಟ.

ನಾಲ್ಕನೆಯದು ಔಷಧ. ಬರೆದ ಮಾತ್ರೆ ಪಾಲಿಕ್ಲಿನಿಕ್‌ನಲ್ಲಿ ಇಲ್ಲದೆ ಹೋದರೆ ಸ್ಥಳೀಯ ಖರೀದಿಯಲ್ಲಿ ತರಿಸಬೇಕಾಗುತ್ತದೆ. ಅದಕ್ಕೆ ದಿನ ಹಿಡಿಯುತ್ತದೆ. ಮಾತ್ರೆ ಮುಗಿದ ದಿನ ಹೋಗಬೇಡಿ. ಕನಿಷ್ಠ ಒಂದು ವಾರದ ದಾಸ್ತಾನು ಕೈಯಲ್ಲಿ ಇರುವಾಗಲೇ ಹೋಗಿ. ಈ ಮಾತ್ರೆಗಳು ನಡುವೆ ನಿಂತರೆ ತಲೆ ತಿರುಗು, ಕಿರಿಕಿರಿ, ಕೆಟ್ಟ ಕನಸು ಮರಳುತ್ತವೆ. ‘ಮದ್ದು ನಾಟಲಿಲ್ಲ’ ಎನ್ನುವವರಲ್ಲಿ ಎಷ್ಟೋ ಜನರಿಗೆ ಆಗಿರುವುದು ಇದು.

ನನಗೆ ಇಸಿಎಚ್ಎಸ್ ಇಲ್ಲ. ಬಿಎಸ್ಎಫ್, ಸಿಆರ್‌ಪಿಎಫ್‌ನವರು, ಅಗ್ನಿವೀರರು ಎಲ್ಲಿಗೆ ಹೋಗಬೇಕು?

ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಿಂದ ನಿವೃತ್ತರಾದವರಿಗೆ ಇರುವುದು ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್ಎಸ್, ಇಸಿಎಚ್ಎಸ್ ಅಲ್ಲ. 2022ರಲ್ಲಿ ಶುರುವಾದ ಅಗ್ನಿಪಥದಲ್ಲಿ ನಾಲ್ಕು ವರ್ಷ ಮುಗಿಸಿ ಬರುವವರಿಗೆ ಮಾಜಿ ಸೈನಿಕರ ಸ್ಥಾನವೂ ಇಲ್ಲ, ಇಸಿಎಚ್ಎಸ್ ಕೂಡ ಇಲ್ಲ. ಇಪ್ಪತ್ತೈದರ ಹುಡುಗರನ್ನು ಹೀಗೆ ಬರಿಗೈಯಲ್ಲಿ ಕಳಿಸುವುದು ನಮಗೆ ಸರಿ ಕಾಣುವುದಿಲ್ಲ. ಆದರೆ ಯಾವ ಕಾರ್ಡೂ ಬೇಡದ ಬಾಗಿಲುಗಳು ಇಲ್ಲಿವೆ: ಮಂಗಳೂರಿನಲ್ಲಿ ವೆನ್ಲಾಕ್ ಜಿಲ್ಲಾಸ್ಪತ್ರೆ, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಂಡು ಹೋಗಿ.

ಫೋನಿನಲ್ಲಿ ಮಾತಾಡಲು ಟೆಲಿ ಮಾನಸ್ ಇದೆ, ಸಂಖ್ಯೆ 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ಎದ್ದು ಕೂತವರಿಗೆ ಇದಕ್ಕಿಂತ ಹತ್ತಿರದ ಬಾಗಿಲು ಬೇರೆ ಇಲ್ಲ.

ಆರು ತಿಂಗಳಿಂದ ಮಾತ್ರೆ ತಿನ್ನುತ್ತಿದ್ದಾರೆ, ದಿನವಿಡೀ ತೂಕಡಿಕೆ, ಕನಸು ಹಾಗೇ ಇದೆ. ಇನ್ನೇನು ಮಾಡುವುದು?

ಚೀಟಿಯಲ್ಲಿ ಏನಿದೆ ನೋಡಿ. ಕ್ಲೋನಾಜೆಪಾಮ್, ಆಲ್ಪ್ರಜೋಲಾಮ್, ಡಯಾಜೆಪಾಮ್ ಮಾತ್ರ ಇದ್ದರೆ ಅದು ಪಿಟಿಎಸ್‌ಡಿಯ ಚಿಕಿತ್ಸೆ ಅಲ್ಲ. ಇವು ಆ ರಾತ್ರಿಗೆ ನಿದ್ದೆ ತರುತ್ತವೆ. ತಿಂಗಳುಗಟ್ಟಲೆ ತಿಂದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ, ಮದ್ಯದ ಜೊತೆ ಸೇರಿದರೆ ಉಸಿರಿಗೇ ಅಪಾಯ. ಆದರೆ ಇದನ್ನು ಓದಿ ನಾಳೆಯಿಂದಲೇ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರೇ ವಾರಗಳ ಲೆಕ್ಕದಲ್ಲಿ ಇಳಿಸಬೇಕು.

ಪಿಟಿಎಸ್‌ಡಿಗೆ ಸಾಕ್ಷ್ಯ ಇರುವ ಮಾತ್ರೆಗಳಲ್ಲಿ ಸೆರ್ಟ್ರಾಲಿನ್, ಪ್ಯಾರೋಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಮುಖ್ಯ. ಸೆರ್ಟ್ರಾಲಿನ್ ಸಾಮಾನ್ಯವಾಗಿ 25 ಅಥವಾ 50 ಮಿಲಿಗ್ರಾಂನಿಂದ ಶುರುವಾಗಿ, ಅಗತ್ಯ ಬಿದ್ದರೆ 200ರವರೆಗೆ ಏರುತ್ತದೆ. ಮೊದಲ ಒಂದೆರಡು ವಾರ ವಾಕರಿಕೆ, ಚಡಪಡಿಕೆ ಇರಬಹುದು. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಮೊದಲು ತೊಂದರೆ, ಆಮೇಲೆ ಗುಣ ಎಂಬ ಈ ಕ್ರಮ ಗೊತ್ತಿಲ್ಲದೆ ಬಹಳ ಮಂದಿ ಹತ್ತನೇ ದಿನಕ್ಕೇ ಬಿಡುತ್ತಾರೆ. ಲೈಂಗಿಕ ಆಸಕ್ತಿ ಕುಗ್ಗುವುದೂ ಇದೆ. ಗಂಡಸರು ಇದನ್ನು ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ. ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಬಹುದು. ಕೆಟ್ಟ ಕನಸಿಗೆ ಪ್ರಾಜೋಸಿನ್ ಬರೆದರೆ ರಕ್ತದೊತ್ತಡ ಇಳಿಯುತ್ತದೆ ಎಂಬುದು ನೆನಪಿರಲಿ. ರಾತ್ರಿ ಏಳುವಾಗ ಹಾಸಿಗೆಯಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲಬೇಕು.

ಮಾತ್ರೆಗಿಂತ ಮುಖ್ಯವಾದದ್ದು ಆಘಾತವನ್ನೇ ಗುರಿಯಾಗಿಸಿದ ಥೆರಪಿ. ನಮ್ಮಲ್ಲಿ ಹೆಚ್ಚು ತಪ್ಪಿಹೋಗುವುದೂ ಇದೇ. ‘ಪ್ರೊಲಾಂಗ್ಡ್ ಎಕ್ಸ್‌ಪೋಷರ್’ ಎಂದರೆ ತಪ್ಪಿಸಿಕೊಂಡ ನೆನಪು, ಜಾಗಗಳನ್ನು ಹಂತ ಹಂತವಾಗಿ ಎದುರಿಸುವುದು: 8ರಿಂದ 15 ಸೆಷನ್, ಒಂದೊಂದು ಸುಮಾರು 90 ನಿಮಿಷ. ‘ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ’ ಎಂದರೆ ಘಟನೆಯ ಬಗ್ಗೆ ಮನಸ್ಸಿನಲ್ಲಿ ಕೂತ ತಪ್ಪು ಯೋಚನೆಗಳನ್ನು ಬಿಡಿಸುವುದು: ಸಾಮಾನ್ಯವಾಗಿ 12 ಸೆಷನ್. ಕಣ್ಣಿನ ಚಲನೆಯ ಜೊತೆ ನೆನಪನ್ನು ಬಿಡಿಸುವ ‘ಇಎಂಡಿಆರ್’ ಇನ್ನೊಂದು. ‘ಟೆನ್ಶನ್ ಮಾಡಬೇಡಿ, ಯೋಗ ಮಾಡಿ’ ಎಂಬ ಹದಿನೈದು ನಿಮಿಷದ ಕೌನ್ಸೆಲಿಂಗ್ ಇದರ ಜಾಗ ತುಂಬುವುದಿಲ್ಲ. ಯೋಗ ಒಳ್ಳೆಯದು, ಆದರೆ ಜೊತೆಗೆ ಇರಲಿ. ಕೇಳಬೇಕಾದ ಪ್ರಶ್ನೆಗಳು ಇವು: ನೀವು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿಯ ಕ್ಲಿನಿಕಲ್ ಸೈಕಾಲಜಿಸ್ಟರೇ? ಈ ಮೂರರಲ್ಲಿ ಯಾವುದನ್ನು ಮಾಡುತ್ತೀರಿ? ಪ್ರಗತಿಯನ್ನು ಹೇಗೆ ಅಳೆಯುತ್ತೀರಿ? ಅಳೆಯಲು ಪಿಸಿಎಲ್–5 ಎಂಬ 20 ಪ್ರಶ್ನೆಗಳ ಪಟ್ಟಿ ಇದೆ, 80ರವರೆಗೆ ಅಂಕ. 31–33ರ ಮೇಲೆ ಇದ್ದರೆ ಪಿಟಿಎಸ್‌ಡಿ ಇರುವ ಸಾಧ್ಯತೆ ಎಂದು ಎಣಿಸುತ್ತಾರೆ. ಶುರುವಿನಲ್ಲಿ ಒಮ್ಮೆ, ಆಮೇಲೆ ನಡುನಡುವೆ ತುಂಬಿಸಿದರೆ ಚಿಕಿತ್ಸೆ ಸಾಗುತ್ತಿದೆಯೋ ನಿಂತಿದೆಯೋ ಕಣ್ಣಿಗೇ ಕಾಣುತ್ತದೆ.

ಮೂರು, ನಾಲ್ಕನೇ ಸೆಷನ್ನಿನ ಹೊತ್ತಿಗೆ ಕನಸು ಹೆಚ್ಚಾಗಬಹುದು. ಮುಚ್ಚಿಟ್ಟದ್ದನ್ನು ಬಿಡಿಸುವಾಗ ಹಾಗಾಗುತ್ತದೆ. ಬಿಟ್ಟು ಹೋಗುವವರು ಹೆಚ್ಚಾಗಿ ಅಲ್ಲೇ ಬಿಟ್ಟು ಹೋಗುತ್ತಾರೆ. ಆ ಎರಡು ಮೂರು ವಾರ ಮನೆಯವರು ಬಸ್ಸಿನಲ್ಲಿ ಜೊತೆಗೆ ಹೋಗಿ ಬಂದರೆ ಸಾಕು, ದಾಟುತ್ತಾರೆ.

‘ಮೊದಲು ಕುಡಿತ ಬಿಡಿ, ಆಮೇಲೆ ನೋಡೋಣ’ ಅಂದರು. ಇದು ಸರಿಯೇ?

ಸರಿಯಲ್ಲ. ನಿದ್ದೆಗಾಗಿ ಕುಡಿಯುವವರಿಗೆ ನಿದ್ದೆಯ ದಾರಿ ತೋರಿಸದೆ ಬಿಡು ಎಂದರೆ ಅವರು ಬಿಡುವುದಿಲ್ಲ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡಬಹುದು, ಕೊಡಬೇಕು. ಆದರೆ ಕ್ಯಾಂಟೀನ್ ಕೋಟಾದ ರಮ್ ದಿನವೂ ಏರಿಸುತ್ತಿದ್ದವರು ಯಾರದೋ ಆಣೆಗೆ ಒಂದೇ ದಿನದಲ್ಲಿ ನಿಲ್ಲಿಸುವುದು ಅಪಾಯ. ಕೊನೆಯ ಗ್ಲಾಸಿನ ನಂತರ ಮೊದಲ ಎರಡು ದಿನದೊಳಗೆ ಫಿಟ್ಸ್, ಎರಡು ಮೂರನೇ ದಿನಕ್ಕೆ ನಡುಕ, ಗೊಂದಲ, ಇಲ್ಲದ್ದು ಕಾಣುವುದು ಬರಬಹುದು. ಕೈ ನಡುಗಿ ಬೆವರು ಬಂದರೆ ಆಸ್ಪತ್ರೆಯಲ್ಲಿಯೇ ಬಿಡಿಸಬೇಕು.

ಥೆರಪಿ ಯಾವ ಭಾಷೆಯಲ್ಲಿ? ಅಪ್ಪನಿಗೆ ಇಂಗ್ಲಿಷ್ ಬಾರದು.

ಕನ್ನಡ, ತುಳು, ಕೊಂಕಣಿ, ಬ್ಯಾರಿ ಬಲ್ಲವರು ಇಲ್ಲಿನ ವಿಭಾಗಗಳಲ್ಲಿ ಸಿಗುತ್ತಾರೆ. ಅಪಾಯಿಂಟ್‌ಮೆಂಟ್ ತೆಗೆಯುವಾಗಲೇ ಕೇಳಿ. ಇನ್ನೊಂದು ಸೂಕ್ಷ್ಮ ಇದೆ. ಬಾಲ್ಯ ತುಳುವಿನಲ್ಲಿ ಕಳೆದಿರಬಹುದು, ಆದರೆ ಆ ರಾತ್ರಿಯ ಆಜ್ಞೆಗಳು, ಕೂಗುಗಳು, ಗೆಳೆಯನ ಕೊನೆಯ ಮಾತು ಎಲ್ಲ ಹಿಂದಿಯಲ್ಲಿ ಇರುತ್ತವೆ. ಕೆಲವರಿಗೆ ಆ ಭಾಗವನ್ನು ಹಿಂದಿಯಲ್ಲಿ ಹೇಳುವುದೇ ಸುಲಭ. ಮಗನನ್ನೋ ಹೆಂಡತಿಯನ್ನೋ ದುಭಾಷಿಯಾಗಿ ಕೂರಿಸಬೇಡಿ. ಅವರ ಎದುರು ಹೇಳಲಾಗದ್ದೇ ಅಲ್ಲಿ ಹೇಳಬೇಕಾದದ್ದು.

ಊರಿನವರು ಸೋಂಕು, ಅಂದರೆ ಪ್ರೇತದ ಕಾಟ ಅನ್ನುತ್ತಾರೆ. ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿದ್ದೇವೆ, ದೈವಕ್ಕೆ ಹರಕೆ ಹೇಳಿದ್ದೇವೆ. ಆಸ್ಪತ್ರೆಗೂ ಹೋಗಬಹುದೇ?

ಹೋಗಬಹುದು. ದೈವದ ಎದುರು ನಿಂತು ಅಭಯ ಕೇಳುವುದರಿಂದ ಸಿಗುವ ನೆಮ್ಮದಿ ನಿಜವಾದದ್ದೇ, ಯಾವ ಒಳ್ಳೆಯ ವೈದ್ಯರೂ ಅದನ್ನು ಬಿಡು ಎನ್ನುವುದಿಲ್ಲ. ‘ಹರಕೆ ಮುಗಿಯಲಿ, ಆಮೇಲೆ ಆಸ್ಪತ್ರೆ’ ಎಂದು ಮುಂದೂಡುವುದರಲ್ಲಿ ತೊಂದರೆ ಇದೆ. ದೈವದ ನೇಮೋತ್ಸವಕ್ಕೆ ದಿನ ಗೊತ್ತಾಗುವಷ್ಟರಲ್ಲಿ ಒಂದು ವರ್ಷ ಹೋಗಿರುತ್ತದೆ. ಕಟ್ಟಿಹಾಕುವುದು, ಹೊಡೆಯುವುದು, ಉಪವಾಸ ಕೆಡವುವುದು ಯಾರೇ ಹೇಳಿದರೂ ಬೇಡ.

ಹೊರಗೆ ಗೊತ್ತಾದರೆ ಪಿಂಚಣಿ, ಗಾರ್ಡ್ ಕೆಲಸ, ಕೋವಿ ಲೈಸೆನ್ಸ್ ಹೋಗುತ್ತದೆಯೇ?

ಚಿಕಿತ್ಸೆ ಪಡೆದ ಕಾರಣಕ್ಕೆ ಸೇವಾ ಪಿಂಚಣಿ ನಿಲ್ಲುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮಿನ ಪ್ರಕಾರ ನಿಮ್ಮ ಮಾಹಿತಿ ಗೋಪ್ಯ. ಕಾನೂನು ಹೇಳಿದ ಕೆಲವೇ ಸಂದರ್ಭ ಬಿಟ್ಟು ವೈದ್ಯರು ಮಾಲೀಕರಿಗೋ ನೆಂಟರಿಗೋ ಹೇಳುವಂತಿಲ್ಲ.

ಕೋವಿಯ ಪ್ರಶ್ನೆಗೆ ನೇರವಾಗಿಯೇ ಹೇಳಬೇಕು. ಪಿಟಿಎಸ್‌ಡಿ ಇದೆ ಎಂದ ಮಾತ್ರಕ್ಕೆ ಮನುಷ್ಯ ಬುದ್ಧಿಸ್ಥಿಮಿತ ಕಳಕೊಂಡವನಲ್ಲ. ಆದರೆ ಸಾಯುವ ಯೋಚನೆ ಇರುವಾಗ, ಕುಡಿತ ಹೆಚ್ಚಿರುವಾಗ ಮನೆಯಲ್ಲಿ ಕೋವಿ ಇರಬಾರದು. ಚುನಾವಣೆ ಹೊತ್ತಿಗೆ ಠೇವಣಿ ಇಡುವಂತೆಯೇ ಈಗಲೂ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಇಟ್ಟು ರಸೀದಿ ಪಡೆಯಬಹುದು. ಲೈಸೆನ್ಸ್ ಅವರ ಹೆಸರಿನಲ್ಲೇ ಇರುತ್ತದೆ ಎಂದು ತಿಳಿಸಿ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

‘ಸಾಯುತ್ತೇನೆ’ ಅನ್ನುತ್ತಿದ್ದಾರೆ. ಈ ರಾತ್ರಿ ಏನು ಮಾಡಲಿ?

ಒಬ್ಬರನ್ನೇ ಬಿಡಬೇಡಿ. ಕೋವಿ, ತೋಟದ ವಿಷ, ಹಗ್ಗ, ಮಾತ್ರೆಯ ಡಬ್ಬಿ ಮನೆಯಿಂದ ಹೊರಗೆ ಕಳಿಸಿ. ‘ಸಾಯುವ ಯೋಚನೆ ಬರುತ್ತಿದೆಯಾ’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ರೆಫರಲ್ ಕಾಯಬೇಡಿ. ಯೋಜನೆಗೆ ಸೇರದ ಆಸ್ಪತ್ರೆಯಾದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ, ಹೇಳಿದ ಸಮಯ ಮತ್ತು ಕೇಳಿಸಿಕೊಂಡವರ ಹುದ್ದೆ ಬರೆದಿಡಿ. ಈ ಒಂದು ಫೋನ್ ಮರೆತು ಬಿಲ್ ಪೂರ್ತಿ ಮೈಮೇಲೆ ಬಂದ ಮನೆಗಳಿವೆ. ಪೊಲೀಸರ ಭಯದಿಂದ ಪ್ರಯತ್ನವನ್ನು ಮುಚ್ಚಿಡಬೇಡಿ. ಅದೇ 2017ರ ಕಾಯ್ದೆಯ 115ನೇ ಕಲಮು ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ನೋಡುತ್ತದೆ, ಶಿಕ್ಷೆಗೆ ಗುರಿ ಮಾಡುವುದಿಲ್ಲ.

ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಬಹುದೇ?

ಹಾಕಬಹುದು, ಆದರೆ ಚಿಕಿತ್ಸೆಯನ್ನು ಅದಕ್ಕೆ ಕಾಯಿಸಬೇಡಿ. ಬಿಡುಗಡೆಯ ಹೊತ್ತಿನ ಮೆಡಿಕಲ್ ಬೋರ್ಡಿನಲ್ಲಿ ‘ಎಲ್ಲ ಸರಿ’ ಎಂದು ಬರೆಸಿದ್ದೇ ದೊಡ್ಡ ಅಡ್ಡಿ. ನಿಮ್ಮ ರೆಕಾರ್ಡ್ ಆಫೀಸಿಗೆ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್ (ಎಂಇಜಿ) ಆದರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಯಾದರೆ ಬೆಳಗಾವಿ, ಇಎಂಇಯಾದರೆ ಸಿಕಂದರಾಬಾದ್, 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ವೈದ್ಯಕೀಯ ದಾಖಲೆ, ಬೋರ್ಡಿನ ನಡಾವಳಿ ಎರಡರ ಪ್ರತಿ ತರಿಸಿ. ಸೇವೆಗೆ ಸೇರುವಾಗ ಕಾಯಿಲೆ ದಾಖಲಾಗಿರದಿದ್ದರೆ, ಕಾಯಿಲೆಯ ಕಾರಣಕ್ಕೆ ಸೇವೆಯಿಂದ ಬಿಡುಗಡೆಯಾದವರ ವಿಷಯದಲ್ಲಿ ಅದು ಸೇವೆಯಿಂದ ಬಂದದ್ದೆಂದು ಊಹಿಸಬೇಕು, ಅಲ್ಲ ಎಂದು ತೋರಿಸುವ ಹೊಣೆ ಇಲಾಖೆಯದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಂವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. 2023ರಲ್ಲಿ ಹೊಸ ನಿಯಮಗಳು ಬಂದಿವೆ, ಆದ್ದರಿಂದ ನಿಮ್ಮ ಬಿಡುಗಡೆಯ ದಿನಾಂಕ ಮುಖ್ಯ. ಇಲಾಖೆಯ ಮೇಲ್ಮನವಿಗಳು ತಿರಸ್ಕೃತವಾದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಅದರ ಕೊಚ್ಚಿ ಪೀಠಕ್ಕೆ ಸೇರುತ್ತದೆ. ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಹೋಗಬೇಕು. ಕಾಗದಪತ್ರದಲ್ಲಿ ನೆರವಿಗೆ ಮಂಗಳೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ಕೇಳಿ.

ದೈವದ ಕೋಲಕ್ಕೆ ಸಿಡಿಸುವ ಕದೋನಿ, ಮದುವೆಯ ಗರ್ನಲ್ ಪಟಾಕಿ, ದೀಪಾವಳಿ. ಆ ದಿನಗಳನ್ನು ಹೇಗೆ ಕಳೆಯುವುದು?

ಗೊತ್ತಿರುವ ಸದ್ದಿಗಿಂತ ಗೊತ್ತಿಲ್ಲದೆ ಬರುವ ಸದ್ದು ಹೆಚ್ಚು ಕಾಡುತ್ತದೆ. ಸಮಿತಿಯವರಿಂದ ಕದೋನಿ ಸಿಡಿಸುವ ಹೊತ್ತು ಕೇಳಿ ಮೊದಲೇ ತಿಳಿಸಿ. ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿಡಿ, ಹೆಚ್ಚಿನವರು ಅರ್ಥ ಮಾಡಿಕೊಳ್ಳುತ್ತಾರೆ. ಬೆಚ್ಚಿದಾಗ ಹಿಡಿದು ಅಲ್ಲಾಡಿಸಬೇಡಿ. ಎರಡು ಮಾರು ದೂರ ನಿಂತು ಹೆಸರು ಹಿಡಿದು, ಊರಿನ ಹೆಸರು, ಇವತ್ತಿನ ವಾರ ಹೇಳಿ. ಪ್ರತಿ ವರ್ಷ ಊರು ಬಿಟ್ಟು ಓಡುವುದು ಮಾತ್ರ ಒಳ್ಳೆಯದಲ್ಲ, ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಈ ವರ್ಷ ದೂರದಿಂದ ಹತ್ತು ನಿಮಿಷ, ಮುಂದಿನ ವರ್ಷ ಇನ್ನಷ್ಟು ಹತ್ತಿರ ಎಂದು ಥೆರಪಿಸ್ಟರ ಜೊತೆ ಲೆಕ್ಕ ಹಾಕಿ.

ಇವರನ್ನು ನೋಡಿಕೊಂಡು ನನಗೇ ಮಂಡೆಬೆಚ್ಚ. ನಾನು ಯಾರಲ್ಲಿ ಹೇಳಲಿ?

ವರ್ಷಗಟ್ಟಲೆ ಮೆಲ್ಲ ನಡೆದು, ಪಾತ್ರೆ ಸದ್ದಾಗದಂತೆ ತೊಳೆದು, ಮಕ್ಕಳ ಬಾಯಿ ಮುಚ್ಚಿಸಿ ಬದುಕಿದವರಿಗೆ ನಿದ್ದೆ ಹೋಗುವುದು, ಎದೆ ಹಾರುವುದು ಸಹಜ. ಇಸಿಎಚ್ಎಸ್‌ನಲ್ಲಿ ಹೆಂಡತಿಗೆ ಬೇರೆ ಕಾರ್ಡ್ ಇದೆ. ನಿಮ್ಮ ಹೆಸರಿನಲ್ಲಿಯೇ ಮನೋವೈದ್ಯಕೀಯಕ್ಕೆ ರೆಫರಲ್ ಕೇಳಬಹುದು, ಅವರು ಚಿಕಿತ್ಸೆಗೆ ಒಪ್ಪದೆ ಇದ್ದರೂ. 14416 ನಿಮಗೂ ಇದೆ. ಅವರು ಹೊಡೆಯುತ್ತಿದ್ದರೆ ಕಾಯಿಲೆ ಅಂತ ಸಹಿಸಬೇಡಿ: 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಮಕ್ಕಳನ್ನು ಕರೆದುಕೊಂಡು ಆ ರಾತ್ರಿಗೆ ತವರಿಗೋ ನೆರೆಮನೆಗೋ ಹೋಗಿ. ಅವರ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಎರಡೂ ಕಾರ್ಡುಗಳ ಪ್ರತಿಯನ್ನು ನಿಮ್ಮ ಚೀಲದಲ್ಲಿ ಯಾವಾಗಲೂ ಇಟ್ಟುಕೊಂಡಿರಿ.